ಕರಡು ಮೊದಲು ಕನ್ನಡದಲ್ಲಿ ಕೇಳಿಸಲಿ

ತಾಳವಾಡಿ ಬೆಟ್ಟಸೀಮೆಯ ನಮ್ಮ ತಿಗನಾರೆಯಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ತಮಿಳು. ಇದಕ್ಕೆ ಚರಿತ್ರೆಯ ಕಾರಣವುಂಟು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ನಮ್ಮ ಸೀಮೆ ಮದ್ರಾಸಿನಲ್ಲೇ ಉಳಿಯಿತು. ಅದೇ ವರ್ಷದ ಆಡಳಿತಭಾಷಾ ಕಾಯ್ದೆಯು ಅಲ್ಲಿ ತಮಿಳನ್ನು ಆಡಳಿತಭಾಷೆಯಾಗಿಸಿತು.

ಸಂವಿಧಾನದ 73ನೆಯ ತಿದ್ದುಪಡಿಯ ಬಳಿಕ ಬಂದ 1994ರ ತಮಿಳುನಾಡು ಪಂಚಾಯತಿ ಕಾಯ್ದೆಯು ಗ್ರಾಮಸಭೆಗೆ ಸ್ಥಾನವನ್ನೂ, ಪಂಚಾಯತಿಗೆ ಉಪವಿಧಿ ರಚಿಸುವ ಅಧಿಕಾರವನ್ನೂ ಕೊಟ್ಟಿತು. ಆದರೆ ತಿಳಿಯದ ನುಡಿಯ ಕರಡಿಗೆ ಹೆಬ್ಬೆಟ್ಟೊತ್ತಿದರೆ ಅದು ಸಮ್ಮತಿಯಾದೀತೆ? ನಾವು ಮುಖ್ಯೋಪಾಧ್ಯಾಯರಾಗಿದ್ದಾಗ ಮಕ್ಕಳ ತಂದೆತಾಯಿಯರು ನೋಟೀಸುಗಳನ್ನು ಓದಿಸಲು ಶಾಲೆಗೆ ಬರುತ್ತಿದ್ದರು. ಓದಿ ಹೇಳುವ ವೇಳೆಗೆ ಎಷ್ಟೋ ಸಲ ಆಕ್ಷೇಪಣೆಯ ಗಡುವು ಕಳೆದಿರುತ್ತಿತ್ತು.

ತಮಿಳು ನಮಗೆ ಪರಕೀಯವಲ್ಲ. ನಮ್ಮ ಬೇಡಿಕೆ ಕನ್ನಡದ ಪ್ರತಿಯೊಂದೂ ಜೊತೆಗಿರಲೆಂಬುದು. ಕರಡನ್ನು ನಿರ್ಣಯಕ್ಕೆ ಮುನ್ನವೇ ಎರಡೂ ನುಡಿಗಳಲ್ಲಿ ಪ್ರಕಟಿಸಿ, ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ, ಆಕ್ಷೇಪಣೆಗಳನ್ನು ಬರೆದುಕೊಳ್ಳಬೇಕು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿಯೇ ನೀಡಿದೆ. ಎರಡೂ ನುಡಿ ಬಲ್ಲ ನಮ್ಮ ಸಂಘದ ತರುಣರು ಮುಂದಿನ ಗ್ರಾಮಸಭೆಯಲ್ಲಿ ಹಿರಿಯರ ಪಕ್ಕದಲ್ಲಿ ಕುಳಿತು ಈ ಕಾರ್ಯವನ್ನು ಆರಂಭಿಸಲೆಂದು ಹಾರೈಸುತ್ತೇವೆ.