ಮುಂಗಡ ಪಡೆದವನ ಮನಸ್ಸು

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯು, ಬಲಾತ್ಕಾರದಿಂದಾಗಲಿ ‘ಉಪಧಿ’ಯಿಂದ, ಅಂದರೆ ಕಪಟದಿಂದಾಗಲಿ ನಡೆದ ವ್ಯವಹಾರಗಳನ್ನು ರದ್ದುಪಡಿಸಬೇಕೆಂದು ವಿಧಿಸುತ್ತದೆ. ರಾತ್ರಿಯ ಹೊತ್ತು, ಮನೆಯೊಳಗೆ ಅಥವಾ ಊರಾಚೆ ಮುಗಿಸಿಕೊಂಡ ವ್ಯವಹಾರಗಳನ್ನೂ ಅದೇ ಸಾಲಿಗೆ ಸೇರಿಸಿರುವುದನ್ನು ನೋಡಿದರೆ, ನಾಲ್ಕು ಜನರ ಕಣ್ಣಿಗೆ ಬೀಳದ ಒಪ್ಪಂದದ ಬಗ್ಗೆ ಸ್ಮೃತಿಕಾರನಿಗಿದ್ದ ಗುಮಾನಿ ತಿಳಿಯುತ್ತದೆ. ಸ್ವಹಸ್ತದ ಪತ್ರಕ್ಕೆ ಸಾಕ್ಷಿ ಬೇಡವೆಂದ ಆ ಗ್ರಂಥವೇ ಉಪಧಿಯಿಂದ ಬರೆಸಿಕೊಂಡ ಪತ್ರವನ್ನು ಆ ನಿಯಮದಿಂದ ಹೊರಗಿಟ್ಟಿತು. ಇಲ್ಲಿನ ಕಾಳಜಿ ಕೆಟ್ಟ ವ್ಯವಹಾರವನ್ನು ಅಳಿಸುವುದು. ಮೋಸಗಾರನ ಮನಸ್ಸು ಯಾವ ಗಳಿಗೆಯಲ್ಲಿ ಕೆಟ್ಟಿತೆಂಬ ವಿಚಾರಣೆಗೆ ಈ ವಿಧಿಯಲ್ಲಿ ಎಡೆಯಿಲ್ಲ.

ಆ ಗಳಿಗೆಯನ್ನೇ ಒರೆಗಲ್ಲಾಗಿಸಿದ್ದು 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಂದು ಜಾರಿಗೆ ಬಂದ ಭಾರತ ದಂಡ ಸಂಹಿತೆ. ವಂಚನೆಯನ್ನು ನಿರೂಪಿಸುವ ಅದರ 415ನೆಯ ಕಲಮಿನ ಒಂದು ದೃಷ್ಟಾಂತದಲ್ಲಿ, ನೀಲಿ ಗಿಡವನ್ನು ಪೂರೈಸುವ ಇರಾದೆಯೇ ಇಲ್ಲದೆ, ಪೂರೈಸುವೆನೆಂದು ನಂಬಿಸಿ ಮುಂಗಡ ಪಡೆದವನು ವಂಚಕನಾಗುತ್ತಾನೆ. ಹಣ ಪಡೆಯುವಾಗ ಕೊಡುವ ಮನಸ್ಸಿದ್ದು, ಆಮೇಲೆ ಮಾತು ತಪ್ಪಿದವನು ಸಿವಿಲ್ ದಾವೆಗೆ ಮಾತ್ರ ಗುರಿಯಾಗುತ್ತಾನೆ.

ಈ ಗಿಡ ಪುಸ್ತಕದ ಗಿಡವಲ್ಲ. ‘ದಾದನ್’ ಎಂಬ ಮುಂಗಡವನ್ನು ಬಲವಂತವಾಗಿ ಹೊರಿಸಿ ನೀಲಿ ಬೆಳೆಸುತ್ತಿದ್ದ ಐರೋಪ್ಯ ಪ್ಲಾಂಟರುಗಳ ವಿರುದ್ಧ ಬಂಗಾಳದ ರೈತರು 1859ರಲ್ಲಿ ತಿರುಗಿಬಿದ್ದಿದ್ದರು. 1860ರ ಮಾರ್ಚಿನಲ್ಲಿ ಸರ್ಕಾರವು, ನೀಲಿ ಕರಾರು ಮುರಿದ ರೈತನನ್ನು ಸೆರೆಗೆ ಕಳಿಸಬಹುದಾದ ಕಾಯಿದೆಯೊಂದನ್ನು ಆರು ತಿಂಗಳ ಮಟ್ಟಿಗೆ ಜಾರಿಗೆ ತಂದಿತು. ಕರಾರು ಮುರಿದ ಮಾತ್ರಕ್ಕೆ ವಂಚನೆಯಾಗದೆಂಬ ದಂಡ ಸಂಹಿತೆಗೆ ಅಂಗೀಕಾರ ದೊರೆತದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಆದರೂ, ಮುಂಗಡವನ್ನು ಹೊರಿಸಿದವನ ಕಪಟವನ್ನು ಬಿಟ್ಟು ಪಡೆದವನ ಮನಸ್ಸನ್ನಷ್ಟೇ ಶೋಧಿಸುವ ದೃಷ್ಟಾಂತವು ಯಾರ ಕಡೆಯಿಂದ ನೋಡುತ್ತದೆಂಬುದು ಗಮನಿಸತಕ್ಕ ಸಂಗತಿ.

ಸಿವಿಲ್ ಕಡೆಯಲ್ಲಿ, 1872ರ ಕರಾರು ಅಧಿನಿಯಮವು ಬರಿಯ ಮೌನವನ್ನು ಕಪಟವೆನ್ನಲಿಲ್ಲ: ಕುದುರೆಯ ದೋಷದ ಬಗ್ಗೆ ಏನೂ ಹೇಳದೆ ಹರಾಜಿನಲ್ಲಿ ಮಾರಿದವನು ತಪ್ಪಿಸಿಕೊಳ್ಳುತ್ತಾನೆ, ಆದರೆ ಕೊಂಡವಳು ಆಗಷ್ಟೇ ಪ್ರಾಪ್ತವಯಸ್ಕಳಾದ ಸ್ವಂತ ಮಗಳಾಗಿದ್ದರೆ ಹೇಳುವ ಹೊಣೆ ಅವನ ಮೇಲಿರುತ್ತದೆ.

ವಂಚಿಸಿ ಸ್ವತ್ತು ಪಡೆದವನಿಗೆ ಏಳು ವರ್ಷಗಳವರೆಗಿನ ಸೆರೆಯನ್ನು ವಿಧಿಸಿದ ದಂಡ ಸಂಹಿತೆಯ 420ನೆಯ ಕಲಮು ಜನರ ಬಾಯಲ್ಲಿ ಬೈಗುಳವೇ ಆಯಿತು. 2024ರ ಜುಲೈ 1ರಂದು ಆ ಸಂಹಿತೆಯ ಜಾಗದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಯ ಕಲಮಿನ ಸಂಖ್ಯೆ 318. ನೀಲಿಯ ಮುಂಗಡ ಪಡೆದವನು ಅಲ್ಲಿಯೂ ಇದ್ದಾನೆ.