ಕರ್ತನ ಭೋಜನ ಮತ್ತು ನಾಟಿಂಗ್‌ಹ್ಯಾಮಿನ ಅರ್ಲ್

ಸರಕಾರಿ ಹುದ್ದೆ ದೊರೆಯಬೇಕಾದರೆ ಕರ್ತನ ಭೋಜನ ಸ್ವೀಕರಿಸಿದ ಪ್ರಮಾಣಪತ್ರ ಬೇಕಾಗಿದ್ದ ಕಾಲವೊಂದು ಇಂಗ್ಲೆಂಡಿನಲ್ಲಿತ್ತು. 1673ರ ಟೆಸ್ಟ್ ಕಾಯಿದೆಯು ಮುಖ್ಯವಾಗಿ ರೋಮನ್ ಕಥೋಲಿಕರನ್ನು ಅಧಿಕಾರದಿಂದ ದೂರವಿಡಲು ಬಂದದ್ದು. ಆದರೆ ಆಂಗ್ಲಿಕನ್ ಸಭೆಗೆ ಸೇರದ ಪ್ರೆಸ್ಬಿಟೇರಿಯನ್ ಮೊದಲಾದ ಭಿನ್ನಮತೀಯ ಪ್ರೊಟೆಸ್ಟೆಂಟರೂ ಅದಕ್ಕೆ ಸಿಕ್ಕಿಬಿದ್ದರು. ಅವರಲ್ಲಿ ಕೆಲವರು ಉಪಾಯ ಕಂಡುಕೊಂಡರು. ಆಗೊಮ್ಮೆ ಈಗೊಮ್ಮೆ ಆಂಗ್ಲಿಕನ್ ದೇವಾಲಯದಲ್ಲಿ ಭೋಜನ ಸ್ವೀಕರಿಸಿ, ಉಳಿದ ಭಾನುವಾರಗಳಲ್ಲಿ ತಮ್ಮ ಪ್ರಾರ್ಥನಾಮಂದಿರಗಳಿಗೇ ಹೋಗುತ್ತಿದ್ದರು. 1697ರಲ್ಲಿ ಲಂಡನ್ನಿನ ಮೇಯರ್ ಸರ್ ಹಂಫ್ರಿ ಎಡ್ವಿನ್ ಅಧಿಕಾರದ ಲಾಂಛನಗಳೊಡನೆಯೇ ಭಿನ್ನಮತೀಯರ ಆರಾಧನೆಗೆ ಹೋದಾಗ ದೊಡ್ಡ ಗದ್ದಲವೆದ್ದಿತು.

ಇದನ್ನು ಸಹಿಸದವರಲ್ಲಿ ಪ್ರಮುಖನು ಟೋರಿ ಪಕ್ಷದ ನಾಯಕ, ನಾಟಿಂಗ್‌ಹ್ಯಾಮಿನ ಎರಡನೆಯ ಅರ್ಲ್ ಡ್ಯಾನಿಯಲ್ ಫಿಂಚ್ (1647–1730). ಗಂಭೀರ ಮುಖದ ಈ ಶ್ರೀಮಂತನಿಗೆ ವಿರೋಧಿಗಳು ‘ಡಿಸ್ಮಲ್’, ಅಂದರೆ ಸದಾ ಮಂಕು ಹಿಡಿದವನು, ಎಂಬ ಅಡ್ಡಹೆಸರಿಟ್ಟಿದ್ದರು. ಭಿನ್ನಮತೀಯರಿಗೆ ಆರಾಧನಾ ಸ್ವಾತಂತ್ರ್ಯವನ್ನಿತ್ತ 1689ರ ಸಹಿಷ್ಣುತಾ ಕಾಯಿದೆಯನ್ನು ರೂಪಿಸಿದವನೂ ಇವನೇ ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಅವರು ಆರಾಧಿಸಲಿ, ಆದರೆ ಆಳದಿರಲಿ ಎಂಬುದು ಅವನ ನಿಲುವು. ಆ್ಯನ್ ರಾಣಿಯ ಆಳ್ವಿಕೆಯಲ್ಲಿ, 1702ರಿಂದ 1704ರವರೆಗೆ, ಈ ಉಪಾಯವನ್ನು ತಡೆಯುವ ಮಸೂದೆ ಮೂರು ಬಾರಿ ಬಂದು ಮೂರು ಬಾರಿಯೂ ಮೇಲ್ಮನೆಯಲ್ಲಿ ಬಿದ್ದುಹೋಯಿತು. ಬಿಷಪರಲ್ಲೇ ಅನೇಕರು ಅದನ್ನು ವಿರೋಧಿಸಿದ್ದರು.

1710ರಲ್ಲಿ ಟೋರಿಗಳೇ ಅಧಿಕಾರಕ್ಕೆ ಬಂದರೂ ರಾಬರ್ಟ್ ಹಾರ್ಲಿಯ ಮಂತ್ರಿಮಂಡಲದಲ್ಲಿ ಫಿಂಚನಿಗೆ ಸ್ಥಾನ ಸಿಗಲಿಲ್ಲ. ಸ್ಪೇನಿನ ಸಿಂಹಾಸನಕ್ಕಾಗಿ ನಡೆಯುತ್ತಿದ್ದ ಯುದ್ಧವನ್ನು ನಿಲ್ಲಿಸಲು ಹಾರ್ಲಿಯು ಫ್ರಾನ್ಸಿನೊಡನೆ ಸಂಧಾನಕ್ಕಿಳಿದಿದ್ದನು. ವಿಗ್ ಪಕ್ಷ ಅದಕ್ಕೆ ವಿರುದ್ಧ, ಫಿಂಚನೂ ವಿರುದ್ಧ. ಅಲ್ಲಿಯೇ ವ್ಯವಹಾರ ಕುದುರಿತು. 1711ರ ಡಿಸೆಂಬರ್ 7ರಂದು ಅವನು ಮೇಲ್ಮನೆಯಲ್ಲಿ ಎದ್ದುನಿಂತು, ಸ್ಪೇನನ್ನು ಬೂರ್ಬನ್ ವಂಶಕ್ಕೆ ಬಿಟ್ಟುಕೊಟ್ಟರೆ ಶಾಂತಿಯು ಸುರಕ್ಷಿತವಲ್ಲವೆಂಬ ತಿದ್ದುಪಡಿಯನ್ನು ಮಂಡಿಸಿ ಗೆದ್ದನು. ಪ್ರತಿಯಾಗಿ, ಹಿಂದೆ ಅಡ್ಡಗಟ್ಟಿದ್ದ ಮಸೂದೆಯನ್ನು ವಿಗ್ಗರು ಅದೇ ತಿಂಗಳು ಸುಮ್ಮನೆ ಬಿಟ್ಟುಕೊಟ್ಟರು. ಹುದ್ದೆಯಲ್ಲಿದ್ದವನು ಭಿನ್ನಮತೀಯರ ಆರಾಧನೆಗೆ ಹೋದರೆ 40 ಪೌಂಡ್ ದಂಡ, ಜೊತೆಗೆ ಹುದ್ದೆಯ ನಷ್ಟ.

ಫಿಂಚನನ್ನು ಕಪಟಿಯೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಎರಡು ವಿಚಾರಗಳಲ್ಲೂ ಅವನು ನಂಬಿದ್ದನ್ನೇ ಮಾಡಿದನು. ಮಾರಾಟವಾದವರು ವಿಗ್ಗರನ್ನು ನಂಬಿ ವರ್ಷಗಟ್ಟಲೆ ಬೆಂಬಲಿಸಿದ್ದ ಭಿನ್ನಮತೀಯರು. ಅವರನ್ನು ಯಾರೂ ಕೇಳಲಿಲ್ಲ.

ಗೆಲುವೂ ಬಾಳಲಿಲ್ಲ. ವರ್ಷ ತಿರುಗುವಷ್ಟರಲ್ಲಿ ರಾಣಿಯು 12 ಮಂದಿ ಹೊಸ ಲಾರ್ಡ್‌ಗಳನ್ನು ನೇಮಿಸಿ ಮೇಲ್ಮನೆಯ ಬಹುಮತವನ್ನು ಬದಲಿಸಿದಳು. 1713ರ ಉಟ್ರೆಕ್ಟ್ ಒಪ್ಪಂದದಿಂದ ಸ್ಪೇನು ಬೂರ್ಬನ್ ಫಿಲಿಪನಿಗೇ ಉಳಿಯಿತು. ಒಂದನೆಯ ಜಾರ್ಜ್ ದೊರೆಯು 1714ರಲ್ಲಿ ಫಿಂಚನಿಗೆ ಉನ್ನತ ಪದವಿಯನ್ನಿತ್ತನು. 1716ರಲ್ಲಿ, ದಂಗೆಯೆದ್ದು ಮರಣದಂಡನೆಗೆ ಗುರಿಯಾಗಿದ್ದ ಶ್ರೀಮಂತರಿಗೆ ಕ್ಷಮೆ ಬೇಡಿದ್ದಕ್ಕಾಗಿ ಅದೂ ಹೋಯಿತು. ಅವನ ಕಾಯಿದೆ 1719ರಲ್ಲಿ ರದ್ದಾಯಿತು. ಹುದ್ದೆಗಾಗಿ ಕರ್ತನ ಭೋಜನವೆಂಬ ಷರತ್ತು ಮಾತ್ರ 1828ರವರೆಗೂ ಕಾನೂನಿನ ಪುಸ್ತಕದಲ್ಲಿತ್ತು.