ಗಡಸು ನೀರಿನಲ್ಲಿ ಅಕ್ವೇರಿಯಂ ಸೈಕ್ಲಿಂಗ್

ಅಕ್ವೇರಿಯಂ ಸೈಕ್ಲಿಂಗ್ ಎಂದರೆ ಹೊಸ ಮತ್ಸ್ಯಾಗಾರಕ್ಕೆ ಮೀನುಗಳನ್ನು ಬಿಡುವ ಮುನ್ನ, ಅದರ ಫಿಲ್ಟರ್‌ನಲ್ಲಿ ನೈಟ್ರೀಕರಣ ಬ್ಯಾಕ್ಟೀರಿಯಾಗಳನ್ನು ನೆಲೆಗೊಳಿಸುವ ಪ್ರಕ್ರಿಯೆ. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರಗಳು ಬೇಕಾಗುತ್ತವೆ. ಇದು ಪೂರ್ಣಗೊಳ್ಳುವ ಮೊದಲೇ ಮೀನುಗಳನ್ನು ಬಿಟ್ಟರೆ ಅವು ತಮ್ಮದೇ ತ್ಯಾಜ್ಯದಿಂದ ಉಂಟಾಗುವ ಅಮೋನಿಯಾ ಮತ್ತು ನೈಟ್ರೈಟ್ ವಿಷಕ್ಕೆ ಬಲಿಯಾಗುವ ಸಾಧ್ಯತೆ ಹೆಚ್ಚು. ಗಡಸು ನೀರಿರುವ ಪ್ರದೇಶಗಳಲ್ಲಿ ಈ ಪ್ರಕ್ರಿಯೆಗೆ ಕೆಲವು ಅನುಕೂಲಗಳೂ ಅಪಾಯಗಳೂ ಇವೆ.

ವೈಜ್ಞಾನಿಕ ಹಿನ್ನೆಲೆ

ಮೀನಿನ ಕಿವಿರುಗಳಿಂದ ಹೊರಬರುವ ತ್ಯಾಜ್ಯ ಮತ್ತು ಕೊಳೆತ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಇದನ್ನು ನೈಟ್ರೈಟ್ ಆಗಿಯೂ, ನೈಟ್ರೋಸ್ಪೈರಾದಂತಹ ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟ್ ಮೀನಿನ ರಕ್ತವು ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನು ಕುಂದಿಸುತ್ತದೆ. ನೈಟ್ರೇಟ್ ಇವೆರಡಕ್ಕಿಂತ ಬಹಳ ಕಡಿಮೆ ಹಾನಿಕಾರಿ. ನೀರು ಬದಲಾಯಿಸುವುದರಿಂದ ಮತ್ತು ಜಲಸಸ್ಯಗಳಿಂದ ಅದು ಕಡಿಮೆಯಾಗುತ್ತದೆ.

ಸಂಜಯನಗರ ಪ್ರದೇಶದ ನೀರು

ಬೆಂಗಳೂರು ಉತ್ತರ ಭಾಗದ ಸಂಜಯನಗರ, ಹೆಬ್ಬಾಳ, ಆರ್.ಟಿ. ನಗರ ಮುಂತಾದ ಬಡಾವಣೆಗಳಲ್ಲಿ ಜಲಮಂಡಳಿಯ ಕಾವೇರಿ ನೀರು, ಕೊಳವೆಬಾವಿ ನೀರು ಮತ್ತು ಟ್ಯಾಂಕರ್ ನೀರು ಬಳಕೆಯಲ್ಲಿವೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡುವ ಕಾವೇರಿ ನೀರು ಹೋಲಿಕೆಯಲ್ಲಿ ಮೆದುವಾಗಿದ್ದು, ಅದರಲ್ಲಿ ಕ್ಲೋರಿನ್ ಇರುತ್ತದೆ. ಶಿಲಾಪದರಗಳ ಬಿರುಕುಗಳಿಂದ ಬರುವ ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚು. ಸಂಪಿನಲ್ಲಿ ಇವು ಬೆರೆಯುವ ಮನೆಗಳಲ್ಲಿ ನೀರಿನ ಗುಣ ದಿನದಿಂದ ದಿನಕ್ಕೆ ಬದಲಾಗಬಹುದು.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಒಟ್ಟು ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿ.ಗ್ರಾಂ, ಪರ್ಯಾಯ ಮೂಲವಿಲ್ಲದಿದ್ದಲ್ಲಿ 600 ಮಿ.ಗ್ರಾಂ. ನೈಟ್ರೇಟ್ ಮಿತಿ 45 ಮಿ.ಗ್ರಾಂ. ಕೊಳವೆಬಾವಿ ನೀರಿನಲ್ಲಿ ಮೊದಲೇ ನೈಟ್ರೇಟ್ ಇರಬಹುದಾದ್ದರಿಂದ, ತೊಟ್ಟಿಗೆ ತುಂಬುವ ನೀರನ್ನು ಪ್ರತ್ಯೇಕವಾಗಿ ಪರೀಕ್ಷಿಸದೆ ನೈಟ್ರೇಟ್ ಕಂಡ ಮಾತ್ರಕ್ಕೆ ಸೈಕ್ಲಿಂಗ್ ಮುಗಿದಿದೆ ಎಂದು ತೀರ್ಮಾನಿಸಲಾಗದು.

ಗಡಸು ನೀರಿನ ಪರಿಣಾಮ

ನೈಟ್ರೀಕರಣವು ಆಮ್ಲವನ್ನು ಉತ್ಪಾದಿಸುತ್ತದೆ. ಅಮೋನಿಯಾ ರೂಪದ 1 ಮಿ.ಗ್ರಾಂ ಸಾರಜನಕ ನೈಟ್ರೇಟ್ ಆಗುವಾಗ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7 ಮಿ.ಗ್ರಾಂ ಕ್ಷಾರೀಯತೆ ವ್ಯಯವಾಗುತ್ತದೆ. ಬೈಕಾರ್ಬೊನೇಟ್ ಸಮೃದ್ಧವಾಗಿರುವ ಗಡಸು ನೀರು ಈ ಆಮ್ಲವನ್ನು ತಟಸ್ಥಗೊಳಿಸಿ ಪಿಎಚ್ ಕುಸಿಯದಂತೆ ತಡೆಯುತ್ತದೆ. ಕೇವಲ ಆರ್‌ಒ ನೀರನ್ನು ತುಂಬಿದ ತೊಟ್ಟಿಯಲ್ಲಿ ಪಿಎಚ್ ಕುಸಿದು ಪ್ರಕ್ರಿಯೆ ನಿಂತುಹೋಗಬಹುದು.

ಆದರೆ ಪಿಎಚ್ ಏರಿದಂತೆ ಅಮೋನಿಯಾದ ವಿಷವೂ ಏರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಸುಮಾರು ಶೇ. 0.6ರಷ್ಟು ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. ಪಿಎಚ್ 8 ಆದಾಗ ಇದು ಶೇ. 5ನ್ನು ಮೀರುತ್ತದೆ. ಆದ್ದರಿಂದ ಗಡಸು ನೀರಿನಲ್ಲಿ ಮೀನುಗಳನ್ನೇ ಇಟ್ಟುಕೊಂಡು ಸೈಕ್ಲಿಂಗ್ ನಡೆಸುವುದು ಹೆಚ್ಚು ಅಪಾಯಕಾರಿ. ಆಗತಾನೆ ಎತ್ತಿದ ಕೊಳವೆಬಾವಿ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಹೋದಂತೆ ಪಿಎಚ್ ಏರುವುದರಿಂದ, ಒಂದು ದಿನ ಗಾಳಿಯಾಡಿಸಿದ ನಂತರ ಅಳೆಯುವುದು ಸರಿಯಾದ ಕ್ರಮ.

ವಿಧಾನ

1. ತೊಟ್ಟಿಗೆ ನೀರು ತುಂಬಿ, ಕ್ಲೋರಿನ್ ಇದ್ದಲ್ಲಿ ಸೋಡಿಯಂ ಥಯೋಸಲ್ಫೇಟ್ ದ್ರಾವಣದಿಂದ ನಿವಾರಿಸಿ, ಫಿಲ್ಟರ್ ಮತ್ತು ಗಾಳಿಯ ಪಂಪನ್ನು ನಿರಂತರವಾಗಿ ನಡೆಸಲಾಗುತ್ತದೆ.
2. ಲೀಟರಿಗೆ ಸುಮಾರು 2 ಮಿ.ಗ್ರಾಂ ಅಮೋನಿಯಾ ಆಗುವಂತೆ ಶುದ್ಧ ಅಮೋನಿಯಂ ಕ್ಲೋರೈಡ್ ಸೇರಿಸಲಾಗುತ್ತದೆ. ಪಾತ್ರೆಗಳಿಗೆ ಕಲಾಯಿ ಹಾಕಲು ಬಳಸುವ ನವಸಾಗರವೂ ಇದೇ ಲವಣವಾದರೂ, ಅದರಲ್ಲಿ ಕಲ್ಮಶಗಳಿರಬಹುದಾದ್ದರಿಂದ ಸೂಕ್ತವಲ್ಲ.
3. ಆರೋಗ್ಯಕರವಾದ ಹಳೆಯ ತೊಟ್ಟಿಯ ಫಿಲ್ಟರ್ ಸ್ಪಂಜಿನ ತುಂಡನ್ನು ಇರಿಸಿದರೆ ಅವಧಿ ಕಡಿಮೆಯಾಗುತ್ತದೆ.
4. ಎರಡು ದಿನಕ್ಕೊಮ್ಮೆ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸಿ, ಅಮೋನಿಯಾ ಮುಗಿದಂತೆ ಮತ್ತೆ ಸೇರಿಸಲಾಗುತ್ತದೆ.
5. ಸೇರಿಸಿದ 2 ಮಿ.ಗ್ರಾಂ ಅಮೋನಿಯಾ 24 ಗಂಟೆಗಳೊಳಗೆ ಕರಗಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿದಾಗ ಸೈಕ್ಲಿಂಗ್ ಪೂರ್ಣಗೊಂಡಿದೆ ಎನ್ನಬಹುದು. ಬಳಿಕ ಹೆಚ್ಚಿನ ಪಾಲು ನೀರನ್ನು ಬದಲಾಯಿಸಿ, ಮೀನುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಡಲಾಗುತ್ತದೆ.

ಬೆಂಗಳೂರಿನ ಚಳಿಗಾಲದ ರಾತ್ರಿಗಳಲ್ಲಿ ನೀರು ತಣ್ಣಗಾಗಿ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಧಾನವಾಗುತ್ತದೆ. ಹೀಟರ್ ಬಳಸಿ 25ರಿಂದ 28 ಡಿಗ್ರಿ ಉಷ್ಣತೆ ಕಾಯ್ದುಕೊಳ್ಳುವುದು ಸಹಕಾರಿ.

ಮೀನುಗಳ ಆಯ್ಕೆ ಮತ್ತು ನಿರ್ವಹಣೆ

ಗಪ್ಪಿ, ಮೋಲಿ, ಪ್ಲಾಟಿ ಮತ್ತು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳು ಗಡಸು ನೀರಿಗೆ ಹೊಂದಿಕೊಳ್ಳುತ್ತವೆ. ಡಿಸ್ಕಸ್, ಕಾರ್ಡಿನಲ್ ಟೆಟ್ರಾಗಳು ಮೆದು ನೀರಿನ ಮೂಲದವು. ಇಂತಹವುಗಳಿಗಾಗಿ ಕೊಳವೆಬಾವಿ ನೀರಿಗೆ ಆರ್‌ಒ ನೀರನ್ನು ಅಥವಾ ಶುದ್ಧ ಮಳೆನೀರನ್ನು ನಿಗದಿತ ಪ್ರಮಾಣದಲ್ಲಿ ಬೆರೆಸಬಹುದು. ಬೆಂಗಳೂರಿನಲ್ಲಿ 2009ರ ಕಾಯಿದೆ ತಿದ್ದುಪಡಿಯಿಂದ ನಿರ್ದಿಷ್ಟ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದ್ದು, ತಾರಸಿಯನ್ನು ತೊಳೆದುಕೊಂಡು ಬರುವ ಮೊದಲ ಮಳೆಯ ನೀರನ್ನು ಹೊರಬಿಟ್ಟ ನಂತರದ ನೀರು ಇದಕ್ಕೆ ಒದಗುತ್ತದೆ. ಮನೆಯ ಸಾಫ್ಟ್‌ನರ್ ಯಂತ್ರಗಳು ಕ್ಯಾಲ್ಸಿಯಂ ಬದಲಿಗೆ ಸೋಡಿಯಂ ಸೇರಿಸುತ್ತವೆಯೇ ಹೊರತು ಕ್ಷಾರೀಯತೆಯನ್ನು ತಗ್ಗಿಸುವುದಿಲ್ಲ. ಹೀಗಾಗಿ ಅವುಗಳಿಂದ ಪಿಎಚ್ ಇಳಿಯುವುದಿಲ್ಲ.

ನೀರು ಆವಿಯಾದಾಗ ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ಆದ್ದರಿಂದ ಆವಿಯಾದಷ್ಟನ್ನು ಆರ್‌ಒ ನೀರಿನಿಂದ ತುಂಬಿ, ವಾರಕ್ಕೊಮ್ಮೆ ಸ್ವಲ್ಪ ಭಾಗವನ್ನು ಬದಲಾಯಿಸುವುದು ರೂಢಿ. ಫಿಲ್ಟರ್ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದರೆ ವಾರಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯಾಗಳು ನಾಶವಾಗಬಹುದು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ತೊಳೆಯಲಾಗುತ್ತದೆ.